ಸೋರೋ ಟ್ಯಾಂಕಿಗೆ ಗಂಧದ ಪೌಡರು

ಮೆಕ್ಯಾನಿಕ್ ಕೇಳಿದ್ದು ಪೌಡರು. ಮುಖಕ್ಕೆ ಹಚ್ಚಿಕೊಳ್ಳುವ ಪೌಡರು. ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಹುಡುಗ ಅಲ್ಲಿಂದಲೇ ಕೂಗಿದ, "ಸಾರ್, ಮನೇಲಿ ಪೌಡ್ರು ಐತಾ?" ಈ ಹೊತ್ತಲ್ಲಿ ಇವನಿಗೇನು ಶೋಕಿ ಅಂದುಕೊಂಡೆ. ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ತಮ್ಮ ಗಂಧದ ಪೌಡರ್ ಡಬ್ಬಿಯನ್ನೇ ತಂದುಬಿಟ್ಟರು. ಹುಡುಗ ತಲೆ ಹೊರಗೆ ಹಾಕಿ ನೋಡಿ, "ಅಯ್ಯೋ, ಒಳ್ಳೆ ಗಂಧದ್ದು, ಸುಮ್ನೆ ಹಾಳಾಗುತ್ತೆ, ಯಾವುದಾದ್ರೂ ಹಳೇದು ಕೊಡಿ" ಅಂದ. ಅದಕ್ಕೆ ಅಪ್ಪ, "ತಗೊಳಪ್ಪಾ, ನನಗೆ ಗಂಧ ಆದ್ರೇನು ಸುಣ್ಣ ಆದ್ರೇನು. ವಾಸನೆ ಹೋಗಿ ಐದು ವರ್ಷ ಆಯ್ತಲ್ಲ" ಅಂದರು.

ಆಯ್ತಲ್ಲ. ಆ 'ಲ್ಲ' ಇದೆ ನೋಡಿ, ಅದು ಶನಿವಾರದಿಂದ ನನ್ನನ್ನು ಬಿಟ್ಟಿಲ್ಲ. ಗೊತ್ತಿರುವವರಿಗೆ ಹೇಳುವ 'ಲ್ಲ' ಅದು. ನಿನ್ನೆ ಮಳೆ ಬಂತಲ್ಲ, ಹಾಲು ತಂದೆಯಲ್ಲ, ಅನ್ನೋ ಥರದ್ದು. ನನಗೆ ಗೊತ್ತೇ ಇರಲಿಲ್ಲ.

ಮೊದಲು ಕಾರಿನ ಕತೆ ಮುಗಿಸುತ್ತೇನೆ. 2011ರ ಗಾಡಿ. ನಾನು ದಿನಾ ಬೆಳಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವನು, ಹೆಂಡತಿ ಸ್ಕೂಲಿಗೆ ಸ್ಕೂಟರಲ್ಲಿ ಹೋಗುತ್ತಾಳೆ, ಹಾಗಾಗಿ ಕಾರು ಭಾನುವಾರದ ಗಿರಾಕಿ. ಯಾವಾಗಲೂ ಐನೂರು, ಹೆಚ್ಚೆಂದರೆ ಸಾವಿರ ರೂಪಾಯಿಗೆ ಪೆಟ್ರೋಲ್ ಹಾಕಿಸುವುದು. ಹಿಂದಿನ ಭಾನುವಾರ ಮಾತ್ರ ಧರ್ಮಸ್ಥಳಕ್ಕೆ ಹೋಗೋಣ ಅಂತ ಫುಲ್ ಟ್ಯಾಂಕ್ ಮಾಡಿಸಿದೆ. ಬಂಕಿನವನು ಕಟ್ ಆದ ಮೇಲೂ ಇನ್ನೆರಡು ಸಲ ಒತ್ತಿ ಮೂರು ಸಾವಿರಕ್ಕೆ ರೌಂಡ್ ಮಾಡಿದ. ನಾನೇ ಮಾಡು ಅಂದಿದ್ದೆ, ಅವನದೇನೂ ತಪ್ಪಿಲ್ಲ. ಆಮೇಲೆ ಧರ್ಮಸ್ಥಳಕ್ಕೆ ಹೋಗಲಿಲ್ಲ, ಅದು ಬೇರೆ ವಿಷಯ.

ಬುಧವಾರ ಹೆಂಡತಿ "ಏನೋ ವಾಸನೆ" ಅಂದಳು. ಪಕ್ಕದ ಮನೆಯಲ್ಲಿ ಗೇಟಿಗೆ ಪೇಂಟ್ ಹೊಡೆಸುತ್ತಿದ್ದರು. ಟರ್ಪೆಂಟೈನ್ ಅಂತ ನಾನು ತೀರ್ಪು ಕೊಟ್ಟೆ. ಅದೂ ರಾತ್ರಿ ಒಂಬತ್ತಕ್ಕೆ, ಮೂಸದೇ. ಶುಕ್ರವಾರದ ಹೊತ್ತಿಗೆ ಪೇಂಟ್ ಒಣಗಿತ್ತು, ವಾಸನೆ ಇತ್ತು. ಶನಿವಾರ ರಜೆ. ಬೆಳಗ್ಗೆ ಎಂಟಕ್ಕೆ ಬಗ್ಗಿ ನೋಡಿದರೆ ಕಾರಿನ ಕೆಳಗೆ ಒಣಗಿದ ಒಂದು ಕಲೆ ಬಿಟ್ಟರೆ ಏನೂ ಇಲ್ಲ. ಎಸಿ ನೀರು ಅಂದುಕೊಂಡೆ. ಆರು ದಿನದಿಂದ ಸ್ಟಾರ್ಟೇ ಮಾಡದ ಕಾರಿನ ಎಸಿಯಿಂದ ನೀರು ಎಲ್ಲಿಂದ ಬರಬೇಕು ಅಂತ ನನ್ನ ತಲೆಗೆ ಹೊಳೆಯಲಿಲ್ಲ. ಅದೂ ಎಸಿ ನೀರು ಬೀಳುವುದು ಮುಂದಿನ ಕಡೆ, ಈ ಕಲೆ ಇದ್ದದ್ದು ಹಿಂದಿನ ಚಕ್ರದ ಹತ್ತಿರ.

ಮಧ್ಯಾಹ್ನ ಎರಡೂವರೆಗೆ ಚಪ್ಪಲಿ ತೆಗೆದುಕೊಳ್ಳಲು ಹೋದಾಗ ತೊಟ್ಟು ಬೀಳುವುದು ಕಣ್ಣಿಗೇ ಬಿತ್ತು. ಒಂದು ಬೀಳುತ್ತೆ, ನೆಲದಲ್ಲಿ ಅಗಲ ಆಗುತ್ತೆ, ಅಂಚಿನಿಂದ ಒಣಗುತ್ತಾ ಬರುತ್ತೆ, ಪೂರ್ತಿ ಒಣಗುವ ಮೊದಲು ಇನ್ನೊಂದು. ಪೇಪರ್ ಚೂರು ಹಿಡಿದೆ. ನೀರಾಗಿದ್ದರೆ ಪೇಪರ್ ಸುಕ್ಕಾಗಬೇಕು, ಆಯಿಲ್ ಆಗಿದ್ದರೆ ಜಿಡ್ಡು ಉಳಿಯಬೇಕು. ಇದು ಒಂದು ನಿಮಿಷದಲ್ಲಿ ಹಾರಿಹೋಯಿತು. ಮೂಸುವ ಅಗತ್ಯವೇ ಇರಲಿಲ್ಲ.

ಪಕ್ಕದ ಮನೆಯ ಯಜಮಾನರು ಆಗ ಕಾಂಪೌಂಡ್ ಮೇಲಿಂದ ತಲೆ ಹಾಕಿದರು. "ಮೂರು ದಿನದಿಂದ ಪೆಟ್ರೋಲ್ ವಾಸನೆ ಬರ್ತಿತ್ತು. ನಿಮಗೆ ಗೊತ್ತಿರುತ್ತಲ್ಲ ಅಂತ ಸುಮ್ನಿದ್ದೆ." ಇದು ಇನ್ನೊಂದು 'ಲ್ಲ'. ನಮ್ಮ ಮನೆಗೆ ಯಾರು ಬಂದರು, ಯಾವ ಗಾಡಿಯಲ್ಲಿ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ವಿಚಾರಿಸದೆ ಅನ್ನ ಇಳಿಯದ ಮನುಷ್ಯ, ಇದೊಂದನ್ನು ಮಾತ್ರ ಸೌಜನ್ಯದಿಂದ ಒಳಗೇ ಇಟ್ಟುಕೊಂಡಿದ್ದರು. ಜೊತೆಗೆ ಎರಡು ಸಲಹೆ. ಬಟ್ಟೆ ಸೋಪು ತಿಕ್ಕಿ, ನಿಲ್ಲುತ್ತೆ. ಮತ್ತೆ ಇದೆಲ್ಲ ಎಥೆನಾಲ್ ಕಾಟ. ಸೋಪಿನ ವಿಷಯ ಸುಳ್ಳಲ್ಲ, ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಹಿಂದೆ ಲಾರಿಯವರು ರಸ್ತೆಯಲ್ಲಿ ಹಾಗೇ ಮೆತ್ತಿಕೊಂಡು ಊರು ಸೇರುತ್ತಿದ್ದರಂತೆ. ಆದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಿದ್ದರೆ ತಾನೇ ತಿಕ್ಕುವುದು?

ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. ನೋಡದೆಯೇ "ಟ್ಯಾಂಕ್ ಹೋಗಿರುತ್ತೆ, ಚೇಂಜ್ ಮಾಡ್ಬೇಕು, ಹದಿನೆಂಟು ಸಾವಿರ, ಗಾಡಿ ತಗೊಂಬನ್ನಿ" ಅಂದ. ಪೆಟ್ರೋಲ್ ಸೋರುವ ಗಾಡಿಯನ್ನು ಓಡಿಸಿಕೊಂಡು ಬನ್ನಿ ಅನ್ನುವವನ ಹತ್ತಿರ ಇನ್ನೇನು ಮಾತು. ಕೊನೆಗೆ ಸ್ಕೂಟರ್ ರಿಪೇರಿ ಮಾಡುವವರು ಇನ್ನೊಬ್ಬ ಹುಡುಗನ ನಂಬರ್ ಕೊಟ್ಟರು. ಊರ್ಡಿಗೆರೆ ಕಡೆಯವನು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಫೋನಲ್ಲಿ ಅವನು ಕೇಳಿದ್ದು ಮೂರೇ ಪ್ರಶ್ನೆ. ಫುಲ್ ಟ್ಯಾಂಕಾ? ಬಿಸಿಲಾ? ಇಳಿಜಾರಾ? ಮೂರಕ್ಕೂ ಹೌದು. "ಹಂಗಾದ್ರೆ ಟ್ಯಾಂಕ್ ತೂತಲ್ಲ ಸಾರ್. ತಳ ತೂತಾಗಿದ್ರೆ ಬೆಳಗ್ಗೆನೂ ಸೋರ್ಬೇಕು. ಮೇಲಿನದೇ ಏನೋ ಹೋಗೈತೆ. ಬರೋತನಕ ಸ್ಟಾರ್ಟ್ ಮಾಡ್ಬೇಡಿ, ಹತ್ರ ಯಾವ ಸ್ವಿಚ್ಚೂ ಮುಟ್ಬೇಡಿ."

ಡಾಕ್ಟರುಗಳು ಹೀಗೆ ಕೇಳುವುದನ್ನು ನಿಲ್ಲಿಸಿ ಎಷ್ಟು ಕಾಲ ಆಯಿತು.

ಅವನು ಬಂದವನೇ ಮೊದಲು ನೋಡಿದ್ದು ಕಾರನ್ನಲ್ಲ, ಸಂಪನ್ನು. ನಮ್ಮ ಊರಿನ ಮನೆಗಳು ಗೊತ್ತಲ್ಲ, ಹೇಮಾವತಿ ನೀರು ಬಿಟ್ಟ ದಿನ ತುಂಬಿಸಿಟ್ಟುಕೊಳ್ಳಬೇಕು, ಅದಕ್ಕೆ ಪೋರ್ಟಿಕೋದಲ್ಲೇ ಸಂಪು, ಸಂಪಿನ ಮೇಲೆ ಕಾರು. ತೊಟ್ಟು ಬೀಳುತ್ತಿದ್ದ ಜಾಗದಿಂದ ಸಂಪಿನ ಮುಚ್ಚಳಕ್ಕೆ ಎರಡು ಅಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗ ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಆ ಸಂಪಿನ ಮೋಟರ್ ಸ್ವಿಚ್ ಪೋರ್ಟಿಕೋದ ಗೋಡೆಗೇ ಇದೆ. ದಿನಾ ಬೆಳಗ್ಗೆ ಏಳಕ್ಕೆ ಅದನ್ನು ಹಾಕುವುದು ಅಪ್ಪ. ಸಂಜೆ ಆರಕ್ಕೆ ತುಳಸಿಕಟ್ಟೆಗೆ ದೀಪ ಹಚ್ಚುವುದೂ ಅಪ್ಪ. ಕಟ್ಟೆಗೂ ಕಾರಿಗೂ ಆರು ಹೆಜ್ಜೆ. ಆರು ಸಂಜೆ ಹಚ್ಚಿದ್ದಾರೆ.

ಹುಡುಗ ಒದ್ದೆ ಜಾಗಕ್ಕೆ ಮರಳು ಹಾಕಿಸಿದ. ಬ್ಯಾಟರಿ ತಂತಿ ಬಿಚ್ಚಿದ. ಸಂಪಿನ ಮುಚ್ಚಳ ತೆಗೆದು ಮೂಸಿ, ಇಲ್ಲ ಅಂತ ತಲೆ ಆಡಿಸಿದ. ಆಮೇಲೆ ಕೆಳಗೆ ಮಲಗಿದ. ಹದಿನೈದು ವರ್ಷದ ಧೂಳು ಟ್ಯಾಂಕಿನ ಮೇಲೆ ಕೆಮ್ಮಣ್ಣಿನ ಪದರ ಕಟ್ಟಿತ್ತು, ಆ ಪದರದಲ್ಲಿ ಒಂದು ಬೆರಳಗಲ ಗೆರೆ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ನನಗೂ ಬಗ್ಗಿ ತೋರಿಸಿದ. ಧೂಳು ಎಲ್ಲಿ ಇಲ್ಲವೋ ಅಲ್ಲಿ ಪೆಟ್ರೋಲ್ ನಡೆದಿದೆ. ಬೀಳುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ, ನಡುವೆ ಟ್ಯಾಂಕಿನ ಬೆಸುಗೆ ಅಂಚು ಹಿಡಿದುಕೊಂಡು ಒಂದೂವರೆ ಅಡಿ ಪ್ರಯಾಣ. ಮೇಲೆ ಹೋದಂತೆ ಗೆರೆ ಮಸುಕು. ಅದಕ್ಕೇ ಪೌಡರು. ಬಟ್ಟೆಯಲ್ಲಿ ಒಣಗಿಸಿ ಒರೆಸಿ, ಪೌಡರ್ ಉದುರಿಸಿ, ಸುಮ್ಮನೆ ಕಾಯುವುದು. ಬಿಳಿ ಪೌಡರು ಮೊದಲು ಎಲ್ಲಿ ಕಪ್ಪಾಗುತ್ತೋ ಅದೇ ಮೂಲ.

ಅಪ್ಪ ಆ ಮಾತು ಹೇಳಿದ್ದು ಇಲ್ಲೇ. ಹುಡುಗ ಕಾರಿನ ಕೆಳಗಿಂದ "ಕೋವಿಡ್ ಬಂದಿತ್ತಾ ತಾತ?" ಅಂತ ಕೇಳಿದ. "ಹೂಂ, 2021ರಲ್ಲಿ." "ವಾಪಸ್ ಬರ್ಲೇ ಇಲ್ವಾ?" "ಇಲ್ಲಪ್ಪ." ಅಷ್ಟೇ. ಐದು ವರ್ಷ ಒಂದೇ ಮನೆಯಲ್ಲಿದ್ದ ನಾನು ಕೇಳದ್ದನ್ನು ಐದು ನಿಮಿಷದಲ್ಲಿ ಕಾರಿನ ಕೆಳಗೆ ಮಲಗಿದ್ದವನು ಕೇಳಿ ಮುಗಿಸಿದ. ನಾನು ಪೌಡರ್ ಡಬ್ಬಿ ಹಿಡಿದುಕೊಂಡು ನಿಂತಿದ್ದೆ.

ಎಂಟು ನಿಮಿಷಕ್ಕೆ ಕಪ್ಪಾಯಿತು. ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಬರುವ ದಪ್ಪ ರಬ್ಬರ್ ಹೋಸು, ಅದರ ಕ್ಲಿಪ್ಪಿನ ಅಡಿಯಲ್ಲೇ ಒಡೆದಿತ್ತು. ಉಗುರಿನಲ್ಲಿ ಗೀರಿದ ಹಾಗೆ, ಅರ್ಧ ಇಂಚು. ಅರ್ಧ ಟ್ಯಾಂಕ್ ಇದ್ದಾಗ ಅಲ್ಲಿವರೆಗೆ ಪೆಟ್ರೋಲೇ ಬರುವುದಿಲ್ಲ, ಅದಕ್ಕೇ ಇಷ್ಟು ದಿನ ಬಚಾವು. ಬಂಕಿನ ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ 35 ಲೀಟರ್ ಪೆಟ್ರೋಲು ಮಧ್ಯಾಹ್ನದ ಬಿಸಿಲಿಗೆ ಹದಿನೈದು ಡಿಗ್ರಿ ಕಾದರೆ ಸುಮಾರು ಅರ್ಧ ಲೀಟರ್ ಉಬ್ಬುತ್ತೆ. ನಮ್ಮ ಪೋರ್ಟಿಕೋ ರಸ್ತೆ ಕಡೆಗೆ ಇಳಿಜಾರು, ಕಾರಿನ ಹಿಂಭಾಗ ಪಡುವಣ ಬಿಸಿಲಿಗೆ. ಎಲ್ಲ ಸೇರಿ ಅದೇ ಗೀರಿನ ಮೇಲೆ ಒತ್ತಡ. ರಾತ್ರಿ ತಣ್ಣಗಾದರೆ ನಿಂತುಹೋಗುತ್ತೆ. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ನಿಲ್ಲಿಸಿದ್ದರೆ ಸೋರುತ್ತಲೇ ಇರಲಿಲ್ಲವೇನೋ, ಹದಿನೆಂಟು ಸಾವಿರ ಹೋಗಿ ಹೋಸು ಹಾಗೇ ಉಳಿಯುತ್ತಿತ್ತು. ಎಥೆನಾಲ್ ಕಾರಣವಾ ಅಂತ ಕೇಳಿದೆ, ಈಗ ಪೆಟ್ರೋಲಲ್ಲಿ ನೂರಕ್ಕೆ 20 ಅದೇ ಅಲ್ವಾ. "ಇರಬೋದು. ಆದ್ರೆ ಹದಿನೈದು ವರ್ಷದ ರಬ್ಬರು ಸಾರ್, ಹಾಲು ಹಾಕಿದ್ರೂ ಒಡೀತಿತ್ತು."

ಪೆಟ್ರೋಲನ್ನು ಕೈಪಂಪಿನಲ್ಲಿ ಸ್ಟೀಲ್ ಕ್ಯಾನಿಗೆ ಎಳೆದ. ನಾನು ಪ್ಲಾಸ್ಟಿಕ್ ಕೊಡ ತಂದಿದ್ದೆ, ಬೈದು ವಾಪಸ್ ಕಳಿಸಿದ, ಪ್ಲಾಸ್ಟಿಕ್ಕಿನ ಉಜ್ಜಾಟಕ್ಕೇ ಕಿಡಿ ಬರುತ್ತಂತೆ. ಹೋಸು, ಎರಡು ಕ್ಲಿಪ್ಪು, ಮಜೂರಿ ಎಲ್ಲ ಸೇರಿ ಸಾವಿರದ ನಾನೂರು.

ಆ ರಾತ್ರಿ ಹೆಂಡತಿಯೂ ನಾನೂ ಕೂತು ಲೆಕ್ಕ ಹಾಕಿದೆವು. ಐದು ವರ್ಷದಿಂದ ಯಾವ ಸಾರಿಗೂ ಅಪ್ಪ "ಚೆನ್ನಾಗಿದೆ" ಅಂತಲೇ ಅಂದಿದ್ದಾರೆ. ವಯಸ್ಸಾಯಿತು, ಮೆತ್ತಗಾದರು ಅಂತ ನಾವು ಖುಷಿಪಟ್ಟಿದ್ದೆವು! ಹುಣಸೆಹಣ್ಣಿನ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಮನುಷ್ಯ. ಹಣ್ಣು ಹಿಸುಕಿ ಮೂಗಿನ ಹತ್ತಿರ ತಂದು ಇದು ಈ ವರ್ಷದ್ದಲ್ಲ ಅಂತ ಹೇಳಿ, ಕೊಡುವವನ ಮುಖ ಬಾಡಿಸುತ್ತಿದ್ದವರು. ಹೋದ ವರ್ಷ ಹಳಸಿದ ಹುಳಿಯಲ್ಲಿ ಊಟ ಮಾಡಿ ಎರಡು ದಿನ ಮಲಗಿದರು, ಆಗಲೂ ನಾವು ಕಣ್ಣು ಸರಿಯಾಗಿ ಕಾಣಲ್ಲ ಅಂತ ಕನ್ನಡಕ ಬದಲಾಯಿಸಿದೆವು. ಅಮ್ಮ ಇದ್ದಿದ್ದರೆ ಒಂದು ದಿನದಲ್ಲಿ ಹಿಡಿಯುತ್ತಿದ್ದಳು. ಕಾಫಿಪುಡಿ ಡಬ್ಬಿ ತೆರೆದಾಗ ಈ ಮನುಷ್ಯ ತಲೆ ಎತ್ತಲಿಲ್ಲ ಅಂದರೆ ಸಾಕಿತ್ತು ಅವಳಿಗೆ.

ಇನ್ನೊಂದು ಯೋಚನೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಅಡುಗೆ ಗ್ಯಾಸಿಗೆ ತನ್ನದು ಅನ್ನುವ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಆ ಕೊಳೆತ ವಾಸನೆಯನ್ನು ಬೇಕಂತಲೇ ಬೆರೆಸುತ್ತಾರೆ. ಅಪ್ಪನಿಗೆ ಅದು ಬೆರೆಸದ ಗ್ಯಾಸೇ. ಬೆಳಗ್ಗೆ ಐದಕ್ಕೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವುದು ಅವರು.

ಯಾಕೆ ಹೇಳಲಿಲ್ಲ ಅಂತ ಭಾನುವಾರ ಕೇಳಿದೆ. ಸ್ವಲ್ಪ ಜೋರಾಗೇ ಕೇಳಿದೆ, ಈಗ ಬೇಜಾರಾಗುತ್ತೆ. "ಹೇಳಿದ್ನಲ್ಲೋ ಆಗ" ಅಂದರು. ಆಗ ಅಂದರೆ 2021ರ ಮೇ. ಹೇಳಿದ್ದರೂ ಇರಬಹುದು. ಆಗ ಮನೆಯಲ್ಲಿ ನಾಲ್ಕೂ ಜನಕ್ಕೆ ವಾಸನೆ ಇರಲಿಲ್ಲ, ಎಲ್ಲರಿಗೂ ಬರುತ್ತೆ ಬಿಡಿ ಅಂದಿರುತ್ತೇನೆ. ನನಗೆ ಮೂರು ವಾರಕ್ಕೆ ಬಂತು. ಬಂದ ದಿನ ಮಾವಿನಕಾಯಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ್ದು ನೆನಪಿದೆ. ನಿಮಗೆ ಬಂತಾ ಅಂತ ಅವರನ್ನು ಕೇಳಿದ್ದು ನೆನಪಿಲ್ಲ. ಅದಾದ ಎರಡು ತಿಂಗಳಿಗೆ ಅಮ್ಮ ಹೋದಳು, ಆಮೇಲೆ ಯಾರು ಯಾರ ಮೂಗಿನ ವಿಷಯ ಕೇಳುತ್ತಾರೆ.

ಸೋಮವಾರ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಐದು ವರ್ಷ ಆಗಿದೆ, ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ನೇರವಾಗಿ ಹೇಳಿದರು, ಒಳ್ಳೆಯದಾಯಿತು. ಆದರೂ ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಅದರ ವಾಸನೆ ಹೇಗಿತ್ತು ಅಂತ ನೆನೆಸಿಕೊಳ್ಳುತ್ತಾ ಮೂಸಬೇಕು, ತಿಂಗಳುಗಟ್ಟಲೆ. ಅಪ್ಪ ಶ್ರದ್ಧೆಯಿಂದ ಮಾಡುತ್ತಿದ್ದಾರೆ. ನೀಲಗಿರಿ ಎಣ್ಣೆ ಮೂಗೊಳಗೆ ತಣ್ಣಗೆ ಕೊರೆಯುತ್ತೆ ಅಂದರು, ನನಗೆ ಖುಷಿಯಾಯಿತು. ಅದು ವಾಸನೆಯಲ್ಲವಂತೆ. ತಣ್ಣಗೆ, ಖಾರ, ಉರಿ ಇವೆಲ್ಲ ಬೇರೆ ನರದ ಕೆಲಸ. ಗುಲಾಬಿಗೆ ಏನೂ ಇಲ್ಲ.

ಗ್ಯಾಸ್ ಸೋರಿದರೆ ಕಿರುಚುವ ಒಂದು ಡಬ್ಬಿ ತರಿಸಿ ಅಡುಗೆಮನೆಯಲ್ಲಿ ಹಾಕಿದ್ದೇನೆ. ಎಲ್‌ಪಿಜಿ ಕೂಡ ಭಾರ, ಅದಕ್ಕೆ ನೆಲದ ಹತ್ತಿರವೇ ಹಾಕಬೇಕು. ಹಾಕಲು ಬಂದವನು ಮೊದಲು ತಲೆ ಎತ್ತರಕ್ಕೆ ಮೊಳೆ ಹೊಡೆದಿದ್ದ, ಹೇಳಿ ಕೆಳಗೆ ಹಾಕಿಸಿದೆ.

ಈಗ ಮನೆಯಲ್ಲಿ ಹೊಸ ಪದ್ಧತಿ. ನಾನು ಈ ವಾರ ರಜೆ ಹಾಕಿ ಮನೆಯಲ್ಲೇ ಇದ್ದೇನೆ. ಸಂಜೆ ಆರಾದರೆ ಅಪ್ಪ ಬತ್ತಿ ಹೊಸೆದು, ಎಣ್ಣೆ ಹಾಕಿ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ತುಳಸಿಕಟ್ಟೆ ಹತ್ತಿರ ನಿಂತು ಕೂಗುತ್ತಾರೆ, "ಬಂದು ಮೂಸಿ ನೋಡೋ." ನಾನು ಕಾರಿನ ಹಿಂದೆ ಮೊಣಕಾಲೂರಿ, ನೆಲದ ಹತ್ತಿರ ಮೂಗು ತಂದು, ಒಂದು ಸುತ್ತು ಬರುತ್ತೇನೆ. ಹೊಸ ರಬ್ಬರಿನ ವಾಸನೆ, ಇನ್ನೂ ಸ್ವಲ್ಪ ಗಂಧ. ಪಕ್ಕದ ಮನೆಯ ಯಜಮಾನರು ಕಾಂಪೌಂಡ್ ಮೇಲಿಂದ ನೋಡುತ್ತಿರುತ್ತಾರೆ. ಏನೂ ಕೇಳುವುದಿಲ್ಲ.