ಚುಟ್ಟಿ ಅಳಿಸಿಹೋದ ಫೋಟೊ

ಮಂಗಳೂರಿನ ಹಂಪನಕಟ್ಟೆಯ ಸಮೀಪ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಫೋಟೊ ಸರಿಪಡಿಸುವ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಫೋಟೊಗಳಲ್ಲಿ ಬಹುಪಾಲು ವಾಟ್ಸಾಪ್‌ನಲ್ಲೇ ಬರುತ್ತವೆ. ಅವನ್ನು ದೊಡ್ಡದು ಮಾಡಿ, ಕ್ಲಿಯರ್ ಮಾಡಿ ಕೊಡಬೇಕೆಂಬುದು ಎಲ್ಲರ ಬೇಡಿಕೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರಗಳನ್ನು ಮಾಡುವ ಹಿರಿಯ ಕಲಾವಿದರೊಬ್ಬರ ಸನ್ಮಾನಕ್ಕೆಂದು ಅವರ ಮಗ ಒಂದು ಚಿತ್ರ ಕಳುಹಿಸಿದ್ದರು. ಅದು ಹಳೆಯ ಆಲ್ಬಮ್‌ನ ಫೋಟೊವನ್ನು ಮೊಬೈಲಿನಲ್ಲಿ ತೆಗೆದದ್ದು. ಅಂಚು ಕತ್ತರಿಸಿದ ಮೇಲೆ ಉಳಿದದ್ದು 800 × 1200 ಪಿಕ್ಸೆಲ್ ಮಾತ್ರ. ಅವರಿಗೆ 12 × 18 ಇಂಚಿನ ಫ್ರೇಮ್ ಬೇಕಿತ್ತು. ಹತ್ತಿರದಿಂದ ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಎಂದು ಹಿಡಿದರೆ 3600 × 5400 ಆಗಬೇಕು, ನಮ್ಮಲ್ಲಿದ್ದದ್ದು ಇಂಚಿಗೆ ಸುಮಾರು 67. ಸಾಲದ್ದಕ್ಕೆ ಫೈಲನ್ನು ಚಿಕ್ಕದು ಮಾಡುವ ಜೆಪೆಗ್ ಸಂಕೋಚನದ 8 × 8 ಪಿಕ್ಸೆಲ್‌ಗಳ ಚೌಕಗಳು ಕೆನ್ನೆಯ ಮೇಲೆ ಎದ್ದು ಕಾಣುತ್ತಿದ್ದವು.

ಎಐ ತಂತ್ರಾಂಶದಲ್ಲಿ ಹಾಕಿ ಐದು ಪಟ್ಟು ಹಿಗ್ಗಿಸಿದೆ. ಪರದೆಯ ಮೇಲೆ ಚಿತ್ರ ಅಚ್ಚುಕಟ್ಟಾಗಿ ಕಂಡಿತು, ನಾನು ಹೆಚ್ಚು ಪರಿಶೀಲಿಸದೆ ಪ್ರಿಂಟ್ ತೆಗೆದೆ. ಕಲಾವಿದರು ಸ್ವತಃ ಬಂದು ಅದನ್ನು ಬಹಳ ಹೊತ್ತು ನೋಡಿ, "ಚಂದ ಉಂಟು ಮಾರಾಯ್ರೆ, ಆದರೆ ಚುಟ್ಟಿ ಎಲ್ಲಿ?" ಎಂದು ಕೇಳಿದರು. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟ ಆ ಬಿಳಿಯ ಸಾಲುಗಳು ನನ್ನ ಪ್ರಿಂಟಿನಲ್ಲಿ ನಯವಾದ ಬಿಳಿ ಪಟ್ಟಿಗಳಾಗಿದ್ದವು.

ಹೀಗಾದದ್ದು ಏಕೆಂದು ಆಮೇಲೆ ಓದಿ ತಿಳಿದುಕೊಂಡೆ. ಚಿತ್ರ ಹಿಗ್ಗಿಸುವ ಬೈಕ್ಯೂಬಿಕ್‌ನಂಥ ಹಳೆಯ ವಿಧಾನವು ಸುತ್ತಲಿನ 16 ಪಿಕ್ಸೆಲ್‌ಗಳ ಬೆಲೆಗಳಿಂದ ಹೊಸ ಪಿಕ್ಸೆಲನ್ನು ಲೆಕ್ಕ ಹಾಕುತ್ತದೆ. ಚಿತ್ರ ಮಸುಕಾಗುತ್ತದೆಯೇ ಹೊರತು ಇಲ್ಲದ್ದನ್ನು ಸೇರಿಸುವುದಿಲ್ಲ. ಎಐ ವಿಧಾನದ ದಾರಿಯೇ ಬೇರೆ. ಒಳ್ಳೆಯ ಚಿತ್ರಗಳನ್ನು ಬೇಕೆಂದೇ ಕುಗ್ಗಿಸಿ, ಕೆಡಿಸಿ, ಕೆಟ್ಟದ್ದರಿಂದ ಒಳ್ಳೆಯದನ್ನು ಊಹಿಸುವುದನ್ನು ಅದಕ್ಕೆ ಕಲಿಸಿರುತ್ತಾರೆ; 2021ರಲ್ಲಿ ಬಂದ ರಿಯಲ್-ಇಎಸ್‌ಆರ್‌ಗ್ಯಾನ್ ಎಂಬ ಎಐ ವಿಧಾನದ ತರಬೇತಿಯಲ್ಲಿ ಮಸುಕು, ನಾಯ್ಸ್ (ಚಿತ್ರದಲ್ಲಿ ಬೇಡದ ಚುಕ್ಕೆಗಳು) ಮತ್ತು ಜೆಪೆಗ್ ಹಾನಿಯನ್ನು ಹಲವು ಬಗೆಯಲ್ಲಿ ಬೆರೆಸಿದ್ದಾರೆ. ಇಂಥ ಯಂತ್ರಕ್ಕೆ ಚುಟ್ಟಿಯ ಸಣ್ಣ ಮೊನೆಗಳು ಒರೆಸಿಹಾಕಬೇಕಾದ ನಾಯ್ಸ್‌ನಂತೆ ಕಂಡಿರಬೇಕು. ಕಟ್ಟಡ, ಎಲೆ, ಬಟ್ಟೆಗಳಲ್ಲಿ ಈ ಊಹೆ ಅಷ್ಟಾಗಿ ಬಾಧಕವಲ್ಲ. ಮುಖ, ಅಕ್ಷರ ಮತ್ತು ವೇಷಗಳಲ್ಲಿ ಅದನ್ನು ನಂಬಬಾರದೆಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಮೂಲ ಫೋಟೊ ಇದೆಯೇ ಎಂದು ಮೊದಲ ದಿನವೇ ನಾನು ಕೇಳಬೇಕಿತ್ತು. ಮನೆಯಲ್ಲಿ ನೆಗೆಟಿವ್ ಇತ್ತಾದರೂ ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಹಾಳಾಗಿತ್ತು. ಅದೃಷ್ಟಕ್ಕೆ 4 × 6 ಇಂಚಿನ ಪ್ರಿಂಟ್ ಚೆನ್ನಾಗಿತ್ತು. ಅದನ್ನು ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದಾಗ 2400 × 3600 ಪಿಕ್ಸೆಲ್ ಸಿಕ್ಕಿತು, ಅಂದರೆ 12 × 18ಕ್ಕೆ ಇಂಚಿಗೆ 200. ಉಳಿದ ಒಂದೂವರೆ ಪಟ್ಟನ್ನು ಬೈಕ್ಯೂಬಿಕ್‌ನಿಂದಲೇ ಹಿಗ್ಗಿಸಿ, ಸ್ವಲ್ಪವೇ ಶಾರ್ಪನ್ ಮಾಡಿ, ಹಳೆಯ ಫಿಲ್ಮಿನ ಗ್ರೇನನ್ನು, ಅಂದರೆ ಸಣ್ಣ ಕಾಳಿನಂಥ ಚುಕ್ಕೆಗಳನ್ನು, ಹಾಗೆಯೇ ಬಿಟ್ಟೆ. ಸಭಾಂಗಣದ ಹೊರಗೆ ಕಟ್ಟುವ 4 × 6 ಅಡಿಯ ಫ್ಲೆಕ್ಸಿಗೆ ಹಿಗ್ಗಿಸದ ಆ ಸ್ಕ್ಯಾನ್ ಫೈಲೇ ಸಾಕಾಯಿತು. ಅಲ್ಲಿ ಇಂಚಿಗೆ 50 ಪಿಕ್ಸೆಲ್ ಮಾತ್ರ ಬಂದರೂ ಅದನ್ನು ಜನ ದೂರದಿಂದ ನೋಡುತ್ತಾರೆ.

ಮೊಬೈಲಿನಿಂದಲೇ ಕಳುಹಿಸುವವರಿಗೆ, ವಾಟ್ಸಾಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ಈಗ ಮೊದಲೇ ಹೇಳುತ್ತೇನೆ. ಆಗ ಫೈಲ್ ಕುಗ್ಗುವುದಿಲ್ಲ. ಪೂರ್ತಿ ಪ್ರಿಂಟ್ ತೆಗೆಯುವ ಮೊದಲು ಮುಖದ ಭಾಗವನ್ನಷ್ಟೇ ನಿಜವಾದ ಅಳತೆಯಲ್ಲಿ ಸಣ್ಣ ಪಟ್ಟಿಯಾಗಿ ಮುದ್ರಿಸಿ, ಆ ಮುಖವನ್ನು ಬಲ್ಲವರಿಗೆ ತೋರಿಸುತ್ತೇನೆ. ಮೊದಲ ಪಟ್ಟಿಯನ್ನು ಆ ಕಲಾವಿದರಿಗೇ ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಚುಟ್ಟಿಯ ಸಾಲಿನ ಮೇಲೆ ಬೆರಳಾಡಿಸಿ, ಎಡಗೆನ್ನೆಯಲ್ಲಿ ಒಂದು ಕಡೆ ಅಂದು ಚುಟ್ಟಿ ಉದುರಿದ್ದ ಜಾಗವನ್ನೂ ಗುರುತಿಸಿದರು.