ಹದಿನಾಲ್ಕನೇ ರೂಮಿನಲ್ಲಿ ಎರಡು ರಾತ್ರಿ

ಕೀ ಕೊಡುವಾಗಲೇ ರಿಸೆಪ್ಷನ್‌ನವರು ಕೇಳಿದರು, "ಸಾರ್, ಒಬ್ಬರೇನಾ?"

"ಹೌದು, ಒಬ್ಬನೇ. ಯಾಕೆ?"

"ಏನಿಲ್ಲ, ಸುಮ್ನೆ ಕೇಳಿದೆ."

ಸುಮ್ನೆ ಕೇಳಿದ್ದಲ್ಲ ಅಂತ ಮೆಟ್ಟಿಲು ಹತ್ತುವಾಗ ಗೊತ್ತಾಯಿತು. ನನ್ನ ಬ್ಯಾಗ್ ಹಿಡಿದಿದ್ದ ರೂಮ್ ಬಾಯ್ (ಅರವತ್ತು ದಾಟಿದವರನ್ನೂ ಬಾಯ್ ಅನ್ನುವುದು ಈ ಒಂದು ಕೆಲಸದಲ್ಲೇ ಇರಬೇಕು) ಮೇಲಿನ ಮಹಡಿ ತಲುಪುವಷ್ಟರಲ್ಲಿ ಪೂರ್ತಿ ಕಥೆ ಹೇಳಿ ಮುಗಿಸಿದರು. ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಹಿಂದೆ ಯಾವಾಗಲೋ ಒಬ್ಬಳು ಹೆಂಗಸು ಯಾರಿಗೋ ಕಾಯುತ್ತಾ ರಾತ್ರಿಯಿಡೀ ಇದೇ ಕಾರಿಡಾರಿನಲ್ಲಿ ಓಡಾಡಿದಳಂತೆ. ಬರಬೇಕಾದವನು ಬರಲಿಲ್ಲ. ಓಡಾಟ ಇನ್ನೂ ನಿಂತಿಲ್ಲ.

"ನೀವು ನೋಡಿದ್ದೀರಾ?" ಅಂದೆ.

"ನೋಡೋಕೆ ಸಿಗಲ್ಲ ಸಾರ್. ಕೇಳಿಸುತ್ತೆ."

ಬಾಗಿಲುಗಳ ಮೇಲಿನ ಹಿತ್ತಾಳೆ ನಂಬರ್ ನೋಡುತ್ತಾ ಹೋದೆ. 11, 12, ಆಮೇಲೆ 14. ಹದಿಮೂರು ಇಲ್ಲ. ಎಷ್ಟೋ ಹೋಟೆಲ್‌ಗಳಲ್ಲಿ ಹೀಗೇ ಬಿಡಿ. ಆದರೆ ಎಣಿಸಿ ನೋಡಿದರೆ ಹದಿಮೂರನೆಯದು ನನ್ನ ರೂಮೇ ಅಲ್ವಾ? ನಂಬರ್ ಬದಲಾಯಿಸಿದರೆ ದೆವ್ವಕ್ಕೆ ಲೆಕ್ಕ ತಪ್ಪುತ್ತದೆ ಅಂದುಕೊಂಡವರ ನಂಬಿಕೆ ದೊಡ್ಡದು.

ರೂಮು ಚೆನ್ನಾಗಿಯೇ ಇತ್ತು. ಎತ್ತರದ ಚಾವಣಿ, ಮರದ ನೆಲ, ಈಗ ಯಾರೂ ಬೆಂಕಿ ಹಾಕದ ಒಂದು ಅಗ್ಗಿಷ್ಟಿಕೆ, ಗೋಡೆ ಪಕ್ಕ ಆಳೆತ್ತರದ ಬೀರು. ಬೀರುವಿನ ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಕಿರ್ ಅಂತ ತೆರೆದುಕೊಂಡಿತು. ಮತ್ತೆ ಹಾಕಿದೆ. ಮತ್ತೆ ತೆರೆಯಿತು. ನಿಧಾನಕ್ಕೆ, ಒಳಗಿನಿಂದ ಯಾರೋ ಇಣುಕುವ ಹಾಗೆ. ಕೊನೆಗೆ ಬ್ಯಾಗ್ ಅಡ್ಡ ಇಟ್ಟು ಮಲಗಿದೆ.

ಹನ್ನೊಂದರ ಹೊತ್ತಿಗೆ ಶುರುವಾಯಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಕಿಟಕಿ ಕಡೆಯಿಂದ ಬಾಗಿಲ ಕಡೆಗೆ ಯಾರೋ ಹೆಜ್ಜೆ ಇಡುತ್ತಿರುವ ಹಾಗೆ. ಎದ್ದು ಬಾಗಿಲು ತೆಗೆದೆ. ಕಾರಿಡಾರು ಖಾಲಿ. ದೂರದಲ್ಲಿ ಒಂದು ಮಂಕು ಬಲ್ಬು. ಪಾದದ ಹತ್ತಿರ ಮಾತ್ರ ತಣ್ಣಗೆ ಗಾಳಿ ಸುಳಿಯಿತು. ನಾನು ಧೈರ್ಯವಂತ ಅಂತ ಅಲ್ಲಿಯವರೆಗೂ ನಂಬಿದ್ದೆ.

ಎರಡೂವರೆಗೆ ಎಚ್ಚರವಾಯಿತು. ಕಣ್ಣು ಬಿಟ್ಟಿತ್ತು, ಮೈ ಅಲ್ಲಾಡುತ್ತಿರಲಿಲ್ಲ. ಕಾಲಿನ ಹತ್ತಿರ ಹಾಸಿಗೆ ತಗ್ಗಿತು. ಯಾರೋ ಕೂತರು. ಮುಖ ಇಲ್ಲ, ಬರೀ ಕಪ್ಪು. ಕೂಗೋಣ ಅಂದರೆ ದನಿ ಗಂಟಲಲ್ಲೇ ಸಿಕ್ಕಿಕೊಂಡಿತು. ಒಂದು ನಿಮಿಷವೋ, ಐದು ನಿಮಿಷವೋ. ಹೇಗೋ ಮಾಡಿ ಬಲಗಾಲಿನ ಹೆಬ್ಬೆರಳು ಅಲ್ಲಾಡಿಸಿದೆ ನೋಡಿ, ಎಲ್ಲಾ ಮಾಯ. ಲೈಟ್ ಹಾಕಿ ಬೆಳಗಾಗುವವರೆಗೂ ಫೋನ್ ಹಿಡಿದು ಕೂತೆ.

ಆ ಓದು ಉಪಯೋಗಕ್ಕೆ ಬಂತು. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಇಲ್ಲದಿದ್ದರೆ ನಾವು ಕನಸಿನಲ್ಲಿ ಓಡಿದಂತೆ ಎದ್ದು ಓಡುತ್ತಿದ್ದೆವು. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಮೈ ಆಮೇಲೆ ಬರುತ್ತದೆ. ಆ ಮಧ್ಯದ ಹೊತ್ತಿನಲ್ಲಿ ಕನಸು ರೂಮಿನೊಳಗೇ ಬಂದು ಕೂರುತ್ತದೆ. ಇದಕ್ಕೆ ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಅಂದರೆ ಅರ್ಧ ತಲೆ ಕಾವಲು ಕೂತಿರುತ್ತದೆ. ಕಾವಲುಗಾರನಿಗೆ ಮಲಗುವ ಮುಂಚೆ ದೆವ್ವದ ಕಥೆ ಬೇರೆ ಹೇಳಿಟ್ಟರೆ?

ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ಅವರ ಅನುಭವವೂ ಸಿಕ್ಕಿತು. ದೆವ್ವವಿದೆ ಅಂತ ಹೆಸರಾಗಿದ್ದ ಲ್ಯಾಬಿನಲ್ಲಿ ರಾತ್ರಿ ಕೂತಿದ್ದಾಗ ಅವರಿಗೆ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದುಬಣ್ಣದ ಆಕಾರ ಕಂಡಿತ್ತು. ಮರುದಿನ ಅವರು ವೈಸ್‌ಗೆ (ವಸ್ತುವನ್ನು ಬಿಗಿಯಾಗಿ ಹಿಡಿದಿಡುವ ಉಪಕರಣ) ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿಯೇ ನಡುಗತೊಡಗಿತು. ಹುಡುಕಿದರೆ ಕಾರಣ ಒಂದು ಫ್ಯಾನು. ಅದರ ಕಂಪನ ಸುಮಾರು 19 ಹರ್ಟ್ಸ್, ನಮ್ಮ ಕಿವಿಗೆ ಕೇಳಿಸುವ ಮಿತಿಗಿಂತ ಚೂರು ಕೆಳಗೆ. ಫ್ಯಾನಿನ ಜೋಡಣೆ ಬದಲಾಯಿಸಿದರು, ದೆವ್ವ ಹೋಯಿತು. ಇದನ್ನು 1998ರಲ್ಲಿ ಪ್ರಬಂಧವಾಗಿ ಬರೆದರು. ಎಲ್ಲಾ ದೆವ್ವಕ್ಕೂ ಫ್ಯಾನೇ ಕಾರಣ ಅನ್ನುವುದು ಅತಿಯಾಯಿತು, ಆದರೆ ಹೆದರಿದ ಮೇಲೂ ಹುಡುಕಿದರಲ್ಲ, ಅದು ಇಷ್ಟವಾಯಿತು.

ಹಾಗಾಗಿ ಎರಡನೇ ರಾತ್ರಿ ನಾನೂ ಪತ್ತೇದಾರ.

ಮೊದಲು ಬೀರುವಿನ ಮುಂದೆ ನೆಲದ ಮೇಲೆ ಪೆನ್ಸಿಲ್ ಇಟ್ಟೆ. ಉರುಳುತ್ತಾ ರೂಮಿನ ಮಧ್ಯಕ್ಕೆ ಹೋಯಿತು. ನೆಲ ವಾಲಿದೆ, ಬೀರು ಮುಂದಕ್ಕೆ ಬಾಗಿದೆ, ಬಾಗಿಲು ತೆರೆದುಕೊಳ್ಳದೆ ಇನ್ನೇನು ಮಾಡುತ್ತದೆ? ಹತ್ತು ಸಲ ಹಾಕಿ ನೋಡಿದೆ, ಹತ್ತು ಸಲವೂ ತೆರೆಯಿತು. ಆಮೇಲೆ ಬಾಗಿಲ ಸಂದಿಗೆ ಟಿಶ್ಯೂ ಚೂರು ಹಿಡಿದೆ. ಒಳಗಡೆಗೆ ಹಾರಿತು. ರೂಮಿನ ಬೆಚ್ಚನೆ ಗಾಳಿ ಅಗ್ಗಿಷ್ಟಿಕೆಯ ಚಿಮಣಿಯಲ್ಲಿ ಮೇಲಕ್ಕೆ ಹೋಗುತ್ತಿತ್ತು, ಆ ಜಾಗಕ್ಕೆ ಕಾರಿಡಾರಿನ ತಣ್ಣನೆ ಗಾಳಿ ಕೆಳಗಿನಿಂದ ನುಗ್ಗುತ್ತಿತ್ತು. (ಹಳೇ ಹೋಟೆಲ್‌ನಲ್ಲಿ ಒಲೆಯೋ ಗ್ಯಾಸ್ ಗೀಸರೋ ಉರಿಯುತ್ತಿದ್ದು, ತಲೆನೋವು ಬಂದು ಏನೇನೋ ಕಾಣತೊಡಗಿದರೆ ಮೊದಲು ಹೊರಗೆ ಓಡಿ. ಕಾರ್ಬನ್ ಮೊನಾಕ್ಸೈಡ್‌ನಿಂದ ಮನೆ ಪೂರ್ತಿ ದೆವ್ವ ತುಂಬಿಕೊಂಡಂತೆ ಅನಿಸಿದ ಒಂದು ಕುಟುಂಬದ ವರದಿ 1921ರಲ್ಲೇ ಕಣ್ಣಿನ ವೈದ್ಯರ ಪತ್ರಿಕೆಯಲ್ಲಿ ಬಂದಿದೆ.)

ಉಳಿದದ್ದು ಹೆಜ್ಜೆ. ಲೈಟ್ ಆರಿಸಿ, ನೆಲದ ಮೇಲೆ ಕೂತು, ಅಂಗೈ ಹಲಗೆಗೆ ಒತ್ತಿ ಕಾದೆ. ಹಲಗೆಯಲ್ಲಿ ಹಗಲಿನ ಬಿಸಿಲಿನ ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. ಟಕ್. ಕಿಟಕಿ ಹತ್ತಿರ. ಇನ್ನೊಂದು, ಸ್ವಲ್ಪ ಈಚೆಗೆ. ಮೂರನೆಯದು ನನ್ನ ಅಂಗೈ ಕೆಳಗೇ ಆಯಿತು. ಚರ್ಮಕ್ಕೆ ಇರುವೆ ಕಚ್ಚಿದಷ್ಟು ಸಣ್ಣ ಏಟು. ಕಿಟಕಿ ಕಡೆಯಿಂದ ತಣ್ಣಗಾಗುತ್ತಾ ಬಂದ ಮರ ಒಂದೊಂದೇ ಹಲಗೆಯಾಗಿ ಕುಗ್ಗುತ್ತಿತ್ತು. ಗೊತ್ತಾದ ಮೇಲೂ ಕೈ ಮೇಲಿನ ಕೂದಲು ನಿಂತೇ ಇತ್ತು ಅನ್ನುವುದನ್ನೂ ಬರೆದುಬಿಡುತ್ತೇನೆ.

ಖುಷಿಗೆ ನಿದ್ದೆ ಬರಲಿಲ್ಲ. ಶಬ್ದ ಹೋಲಿಸೋಣ ಅಂತ ಹಿಮ್ಮಡಿ ಊರಿ ಅತ್ತಿಂದಿತ್ತ ನಡೆದೆ. ಟೊಳ್ಳು ಎಲ್ಲಿದೆ ಅಂತ ಗೋಡೆ ಬಡಿದೆ. ಬೀರು ಇನ್ನೊಂದೆರಡು ಸಲ ಹಾಕಿ ತೆಗೆದೆ. ಮಲಗುವಾಗ ಎರಡೂವರೆ.

ಬೆಳಿಗ್ಗೆ ರೂಮು ಬಿಡಲು ಕೆಳಗೆ ಬಂದರೆ 12ನೇ ರೂಮಿನ ಗಂಡ ಹೆಂಡತಿ ರಿಸೆಪ್ಷನ್ ಮುಂದೆ ನಿಂತಿದ್ದರು. ಆಕೆಯ ಕಣ್ಣು ಕೆಂಪಗಿತ್ತು. "ರಾತ್ರಿಯೆಲ್ಲಾ ಪಕ್ಕದಲ್ಲಿ ಯಾರೋ ಓಡಾಡ್ತಾನೇ ಇದ್ರು. ಗೋಡೆ ಬೇರೆ ಬಡೀತಿದ್ರು. ಬಾಗಿಲು ತೆಗೆಯೋದು, ಹಾಕೋದು..."

ಕ್ಷಮೆ ಕೇಳಲು ಬಾಯಿ ತೆರೆದೆ. ರಿಸೆಪ್ಷನ್‌ನವರು ನನ್ನ ಕಡೆ ನೋಡಲೂ ಇಲ್ಲ. ರಿಜಿಸ್ಟರ್‌ನಲ್ಲಿ ಬರೆಯುತ್ತಲೇ ಕೇಳಿದರು, "ಎರಡು, ಎರಡೂವರೆ ಹೊತ್ತಿಗಾ ಮೇಡಂ?"

"ಹೌದು! ನಿಮಗೆ ಹೇಗೆ ಗೊತ್ತು?"

ಅಮೆರಿಕದ ಕೊಲೊರಾಡೊದ ಸ್ಟ್ಯಾನ್ಲಿ ಹೋಟೆಲ್ ನೆನಪಾಯಿತು. 1911ರಲ್ಲಿ ಅಲ್ಲಿನ 217ನೇ ರೂಮಿನಲ್ಲಿ ಗ್ಯಾಸ್ ಸಿಡಿದು ಗಾಯಗೊಂಡ ಕೆಲಸದಾಕೆ ಬದುಕಿ ಉಳಿದಿದ್ದರು. ಆದರೂ ಅವರೇ ಇಂದಿಗೂ ಅತಿಥಿಗಳ ಬಟ್ಟೆ ಜೋಡಿಸಿಡುತ್ತಾರೆ ಅಂತ ಕಥೆ. ಜನ ಆ ರೂಮೇ ಬೇಕು ಅಂತ ಕೇಳಿ ಪಡೆಯುತ್ತಾರೆ.

ನನ್ನ ಬ್ಯಾಗ್ ಹಿಡಿದು ಹಿಂದೆ ನಿಂತಿದ್ದ ರೂಮ್ ಬಾಯ್ ಗಂಟಲು ಸರಿಮಾಡಿಕೊಂಡರು. "ಏನಾದ್ರೂ ಕಾಣಿಸ್ತಾ ಮೇಡಂ?"

"ಇಲ್ಲಪ್ಪ, ಬರೀ ಕೇಳಿಸ್ತು."

"ನೋಡೋಕೆ ಸಿಗಲ್ಲ ಮೇಡಂ," ಅಂದರು.

ನಾನು ಬಿಲ್ ಕೊಟ್ಟು, ಹಿಮ್ಮಡಿ ಸದ್ದಾಗದ ಹಾಗೆ ಹೊರಗೆ ಬಂದೆ.