ನಮ್ಮ ರಕ್ತ ಏನ್ ಮಾಡೀರಿ?

ಮೈಸೂರು, ಜೂನ್ 14, 2025, ಶನಿವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಒಗೆದ ಬಟ್ಟೆ ಒಣಗಿಲ್ಲ. ಸಂಜೆ ಪುಟ್ಟಿ ಬಂದದ್ದು ಬಿಟ್ಟರೆ ಬರೆಯುವಂಥದ್ದು ಏನೂ ನಡೆದಿಲ್ಲ.

ಪುಟ್ಟಿ ಬಂದರೆ ಗೇಟಿನಲ್ಲೇ "ಅಕ್ಕಾ, ತಿನ್ನೋಕೆ ಏನಿದೆ?" ಅಂತ ಕೂಗುತ್ತಾಳೆ. ಇವತ್ತು ಕೂಗಲಿಲ್ಲ. ಬ್ಯಾಗು ಎಸೆದು ಅಮ್ಮನ ಪಕ್ಕ ಕೂತು ಸೀರಿಯಲ್ ನೋಡತೊಡಗಿದಳು. ಸೀರಿಯಲ್ ಕಂಡರೆ ಅವಳಿಗೆ ಆಗಲ್ಲ. ಏನೋ ಆಗಿದೆ ಅಂತ ಆಗಲೇ ಅಂದುಕೊಂಡೆ.

ಆಗಿದ್ದು ಇಷ್ಟು. ಅಮೆರಿಕದ ದುಡ್ಡು ನಿಂತಿದೆ.

ಅವಳ ಪ್ರಾಜೆಕ್ಟಿನ ಬಗ್ಗೆ ಹಿಂದೆ ಬರೆದಿದ್ದೆ. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹೆಂಗಸರು, ಅವರ ಮಕ್ಕಳು. ಮಕ್ಕಳಿಗೆ ಐದು ತುಂಬುವ ತನಕ ತೂಕ ನೋಡಬೇಕು, ರಕ್ತ ತೆಗೆಯಬೇಕು. ದುಡ್ಡು ಬರುವುದು ಅಲ್ಲಿನ ಒಂದು ಯೂನಿವರ್ಸಿಟಿಯಿಂದ. ಅದಕ್ಕೆ ಕೊಡುವುದು ಎನ್‌ಐಎಚ್, ಆರೋಗ್ಯ ಸಂಶೋಧನೆಗೆ ದುಡ್ಡು ಹಂಚುವ ಅಮೆರಿಕ ಸರ್ಕಾರದ ಸಂಸ್ಥೆ. ಅದರಲ್ಲೊಂದು ಪಾಲು ಇಲ್ಲಿಗೆ. ಸಬ್‌ಅವಾರ್ಡ್ ಅಂತಾರೆ. ಮೇ 1ಕ್ಕೆ ಎನ್‌ಐಎಚ್ ಹೇಳಿಬಿಟ್ಟಿತು: ಹೀಗೆ ಹೊರದೇಶಕ್ಕೆ ಹೋಗುವ ಪಾಲಿನ ಲೆಕ್ಕ ಸರಿಯಾಗಿ ಸಿಗುತ್ತಿಲ್ಲ, ಹೊಸ ವ್ಯವಸ್ಥೆ ಬರುವವರೆಗೆ ಹೊಸದಾಗಿ ಕೊಡೋದೂ ಇಲ್ಲ, ರಿನ್ಯೂ ಮಾಡೋದೂ ಇಲ್ಲ. ಪುಟ್ಟಿಯವರದು ರಿನ್ಯೂ ಆಗಬೇಕಿದ್ದದ್ದು ಇದೇ ತಿಂಗಳು.

"ಅವರ ದುಡ್ಡು, ಅವರಿಷ್ಟ," ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ನಂಜನಗೂಡಿನ ಹೆಂಗಸರ ಸಕ್ಕರೆಗೆ ಅವರ್ಯಾಕೆ ಖರ್ಚು ಮಾಡಬೇಕು?"

"ಭಾವಾ, ಅವರಿಗೆ ಬೇಡದಿದ್ರೆ ಮಾಡ್ತಿರಲಿಲ್ಲ. ಸಣ್ಣಗಿರೋ ನಮ್ಮೋರಿಗೂ ಸಕ್ಕರೆ ಬರುತ್ತೆ. ಯಾಕೆ ಅಂತ ಅವರಿಗೂ ತಿಳೀಬೇಕು. ಮತ್ತೆ ನಮಗೊಬ್ಬರಿಗೇ ಅಲ್ಲ, ಅಲ್ಲಿನವರಿಗೂ ಬಿದ್ದಿದೆ ಏಟು."

ಅಲ್ಲಿನ ಹಾರ್ವರ್ಡ್ ಯೂನಿವರ್ಸಿಟಿಗೆ ಏಪ್ರಿಲ್‌ನಲ್ಲಿ 220 ಕೋಟಿ ಡಾಲರ್ ತಡೆಹಿಡಿದರಂತೆ. ಮುಂದಿನ ವರ್ಷದ ಬಜೆಟ್‌ನಲ್ಲಿ ಎನ್‌ಐಎಚ್‌ಗೇ ಸುಮಾರು ಶೇ. 40ರಷ್ಟು ಕಡಿತ ಮಾಡಬೇಕು ಅಂತ ಟ್ರಂಪ್ ಸರ್ಕಾರ ಹೊರಟಿದೆ. ಅದಕ್ಕೂ ಮುಂಚೆ, ಫೆಬ್ರವರಿ 7ಕ್ಕೆ, ಓವರ್‌ಹೆಡ್, ಅಂದರೆ ಸಂಶೋಧನೆಯ ದುಡ್ಡಿನ ಮೇಲೆ ಸಂಸ್ಥೆಯ ಖರ್ಚಿಗೆ ಅಂತ ಕೊಡೋದು, ಶೇ. 15ರ ಮೇಲೆ ಕೊಡಲ್ಲ ಅಂದರು. ಹಾರ್ವರ್ಡ್‌ನದು ಶೇ. 69 ಇತ್ತು. ಕೋರ್ಟು ತಡೆ ಕೊಟ್ಟಿದೆ, ಸದ್ಯಕ್ಕೆ.

"ಅರವತ್ತೊಂಬತ್ತಾ! ಕೊಳ್ಳೆ ಅಲ್ವಾ ಅದು?" ಯಜಮಾನರು ಈಗ ತಲೆ ಎತ್ತಿದರು. ಬ್ಯಾಂಕಿನವರು ನೋಡಿ, ಪರ್ಸೆಂಟ್ ಅಂದರೆ ಎಚ್ಚರ.

ಪುಟ್ಟಿ ಹೇಳಿದ್ದು ನನಗೆ ಹಿಡಿಸಿತು. "ಮದುವೆಗೆ ಅಡುಗೆಯವರ ದುಡ್ಡು ಬೇರೆ, ಛತ್ರದ ಬಾಡಿಗೆ ಬೇರೆ ಅಲ್ವಾ ಭಾವಾ? ಕರೆಂಟು, ನೀರು, ಎಲೆ ಎತ್ತೋರು. ಊಟಕ್ಕೆ ಮಾತ್ರ ಕೊಡ್ತೀನಿ, ಛತ್ರದ್ದು ನೀವೇ ನೋಡ್ಕೊಳ್ಳಿ ಅಂದ್ರೆ ಎಲ್ಲಿ ಬಡಿಸೋದು? ಓವರ್‌ಹೆಡ್ ಅಂದ್ರೆ ಛತ್ರ. ಹೊರದೇಶದವರಿಗೆ ಮೊದಲಿಂದಲೂ ಎಂಟೇ ಪರ್ಸೆಂಟು. ನಾವು ಯಾವತ್ತೂ ಬೀದೀಲಿ ಶಾಮಿಯಾನ ಹಾಕಿದೋರೇ."

ನಗು ಬಂತು. ಅವಳಿಗೂ ಬಂತು, ಆಮೇಲೆ ಕಣ್ಣಲ್ಲಿ ನೀರು. ಅಮ್ಮ ಟೀವಿ ಆರಿಸಿದಳು. ಅಮ್ಮ ತಾನಾಗಿ ಟೀವಿ ಆರಿಸುವುದು ದೊಡ್ಡ ಸಂಗತಿ.

ಅಮ್ಮನಿಗೆ ಈ ವಿಷಯದಲ್ಲಿ ಹಳೇ ಕೋಪ ಇದೆ. ಅವಳು ಹುಟ್ಟಿದ್ದು 1949ರಲ್ಲಿ, ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಬರೆದ ನರ್ಸಮ್ಮನಿಗೆ ಅದು ಮುಂದೆ ಯಾವುದಕ್ಕೆ ಬೇಕಾಗುತ್ತೆ ಅಂತ ಏನು ಗೊತ್ತಿತ್ತು, ಪಾಪ. ಅರವತ್ತು ವರ್ಷ ಆದಮೇಲೆ ಡಾಕ್ಟರುಗಳು ಆ ರಿಜಿಸ್ಟರು ಹಿಡಿದುಕೊಂಡು, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿದವರನ್ನು ಹುಡುಕಿದರು. 517 ಜನರನ್ನು ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಅದು 1996ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮತ್ತೆ 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಆ ಮಕ್ಕಳಿಗೆ ಈಗ ಪುಟ್ಟಿಯ ವಯಸ್ಸು.

"ನನ್ನನ್ನ ಯಾರೂ ಹುಡುಕ್ಕೊಂಡು ಬರಲೇ ಇಲ್ಲ," ಅಂದಳು ಅಮ್ಮ. ಆಗ ನಾವು ತಿಪಟೂರಿನಲ್ಲಿದ್ದೆವಮ್ಮ ಅಂದರೆ ಕೇಳೋಲ್ಲ.

ಅಮೆರಿಕದವರನ್ನು ಬೈಯೋದು ಸುಲಭ. ನಮ್ಮ ದೇಶ ಇಡೀ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ ಶೇ. 0.64 ಅಂತೆ, 2020-21ರ ಲೆಕ್ಕ. ಪುಟ್ಟಿಯ ಗೆಳತಿಗೆ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಇದೆ, ತಿಂಗಳಿಗೆ 37,000 ರೂಪಾಯಿ. ಅದು ತಿಂಗಳು ತಿಂಗಳು ಬಂದರೆ ಹಬ್ಬ. ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಆ ಹುಡುಗಿ ನಮಗೆಲ್ಲ ಮಸಾಲೆ ದೋಸೆ ಕೊಡಿಸಿದ್ದಳು. ನಮ್ಮ ಊರಿನ ಮಕ್ಕಳ ತೂಕ ನೋಡೋಕೆ ವಾಷಿಂಗ್ಟನ್ ಕಡೆ ಮುಖ ಮಾಡಿ ಕೂತಿರೋ ನಮಗೆ ಏನನ್ನಬೇಕೋ.

ಸಾರು ಉಕ್ಕಿತು. ಬರೀತಾ ಬರೀತಾ ಮರೆತೇಬಿಟ್ಟಿದ್ದೆ.

ಪುಟ್ಟಿಗೆ ಅಳು ಬಂದದ್ದು ಕೆಲಸ ಹೋಗುತ್ತೆ ಅಂತ ಅಲ್ಲ. ಅಥವಾ ಅದಕ್ಕೂ ಇರಬಹುದು, ಹೇಳಲಿಲ್ಲ. ಆಫೀಸಿನಲ್ಲಿ ಅವಳಿಗೆ ಒಂದು ಲಿಸ್ಟ್ ಕೊಟ್ಟಿದ್ದಾರೆ. ಒಬ್ಬೊಬ್ಬರಿಗೇ ಫೋನ್ ಮಾಡಿ 'ಮುಂದಿನ ವಿಸಿಟ್‌ಗೆ ಬರಬೇಡಿ' ಅನ್ನಬೇಕು. ನೋಡಿದೆ ಆ ಲಿಸ್ಟು. ಹೆಸರು, ಊರು, ಕೂಸಿನ ಹುಟ್ಟಿದ ದಿನ, ಗಂಡನ ನಂಬರು. ಕೆಲವು ಹೆಸರಿನ ಪಕ್ಕ ಅವಳೇ ಗುರುತಿಗೆ ಬರೆದುಕೊಂಡಿದ್ದಾಳೆ: 'ಮಧ್ಯಾಹ್ನ ಮಾಡಬೇಡ, ಅತ್ತೆ ಎತ್ತುತ್ತಾರೆ.' 'ಸೂಜಿ ಅಂದ್ರೆ ಭಯ.' 'ಹೋದಾಗ ಕಡಲೆಕಾಯಿ ಕೊಟ್ಟರು.'

ಇವತ್ತು 19 ಜನಕ್ಕೆ ಮಾಡಿದ್ದಾಳೆ. ಬಹಳ ಜನ "ಸರಿ ಮೇಡಂ" ಅಂದು ಇಟ್ಟರಂತೆ. ತಿ. ನರಸೀಪುರದ ಕಡೆಯ ಒಬ್ಬಾಕೆ ಇಡಲಿಲ್ಲ.

"ಮಗೀಗೆ ಮುಂದಿನ ತಿಂಗಳು ಎರಡು ತುಂಬ್ತದೆ. ತೂಕ ನೋಡಾಕೆ ಬತ್ತೀನಿ ಅಂದಿದ್ರಲ್ಲ ಮೇಡಮ್ಮೋರೆ?"

"ಪ್ರಾಜೆಕ್ಟ್ ನಿಂತಿದೆ ಕಣಮ್ಮ. ಅಂಗನವಾಡೀಲಿ ನೋಡ್ತಾರೆ, ಅಲ್ಲಿಗೆ ಕರ್ಕೊಂಡು ಹೋಗಿ."

"ಹಂಗಾರೆ ನಾವು ಕೊಟ್ಟ ರಕ್ತ ಏನ್ ಮಾಡೀರಿ?"

ಪುಟ್ಟಿಗೆ ಉತ್ತರ ತೋಚಲಿಲ್ಲ. ರಕ್ತ ಇದೆ, ಮೈನಸ್ 80ರ ಫ್ರೀಜರಿನಲ್ಲಿ. ಆಕೆಯದು, ಕೂಸು ಹುಟ್ಟಿದಾಗ ಹೊಕ್ಕುಳಬಳ್ಳಿಯಿಂದ ತೆಗೆದದ್ದು, ಒಂದು ವರ್ಷದ್ದು. ಎರಡರದ್ದು, ಐದರದ್ದು ಸೇರಿದರೆ ತಾನೇ ಪಕ್ಕಪಕ್ಕ ಇಟ್ಟು ನೋಡೋದು? ಎರಡು ವರ್ಷಕ್ಕೆ ತಪ್ಪಿದ್ದನ್ನ ಮೂರು ವರ್ಷಕ್ಕೆ ತೆಗೆಯೋಕಾಗಲ್ಲ ಅಕ್ಕ, ಅಂದಳು. ಜುಲೈಯಿಂದ ಆ ಫ್ರೀಜರಿನ ಕರೆಂಟು ಬಿಲ್ಲು ಯಾರ ತಲೆಗೆ ಅನ್ನೋದೇ ತೀರ್ಮಾನವಾಗಿಲ್ಲ.

ರಾತ್ರಿ ಇಲ್ಲೇ ಉಳಿದಳು. ಒಂಬತ್ತೂವರೆಗೆ ಮಳೆ ಜೋರಾಗಿ ಕರೆಂಟು ಹೋಯಿತು. ನಾನು ಮೇಣದಬತ್ತಿ ಹುಡುಕುತ್ತಿದ್ದರೆ ಅವಳು ಕತ್ತಲಲ್ಲೇ ಯಾರಿಗೋ ಫೋನ್ ಹಚ್ಚಿದ್ದಳು.

"ಅಣ್ಣಾ, ನಿಮ್ಮ ಕಡೇನೂ ಹೋಯ್ತಾ? ಜನರೇಟರ್ ಆನ್ ಆಯ್ತಾ? ಡೀಸೆಲ್ ಎಷ್ಟಿದೆ ನೋಡಿ."

ಆ ಕಡೆಯಿಂದ ವಾಚ್‌ಮನ್ ನೋಡಿ ಹೇಳುವ ತನಕ ಲೈನಿನಲ್ಲೇ ಇದ್ದಳು. ಸೋಮವಾರ ಇನ್ನೂ 38 ಕಾಲ್ ಇವೆಯಂತೆ, ಅದರಲ್ಲಿ ಕಡಲೆಕಾಯಿ ಕೊಟ್ಟಾಕೆ ಕೂಡ